ಒಂದು ಕಣ್ಣು, ಎರಡು ಮಾರ್ಗ

ಮೋತಿಬಿಂದುವೂ ಗ್ಲಾಕೋಮಾವೂ ನನ್ನ ಬಲಗಣ್ಣಿನಲ್ಲಿ ಕೂಡಿದಾಗ, ಎರಡಕ್ಕೂ ಒಮ್ಮೆಲೇ ಶಸ್ತ್ರಚಿಕಿತ್ಸೆ ಮಾಡುವುದಾಗಿ ಹುಬ್ಬಳ್ಳಿಯ ವೈದ್ಯರು ಹೇಳಿದರು. ಅದಕ್ಕೆ ಮಾರ್ಗಗಳೆರಡು. ಮೇಲ್ಭಾಗದ ಒಂದೇ ಛೇದದಲ್ಲಿ ಪೊರೆ ತೆಗೆದು, ಕಣ್ಣಿನೊಳಗಿನ ದ್ರವ ಹರಿದುಹೋಗಲು ಅಲ್ಲಿಯೇ ಕಿಂಡಿ ಮಾಡುವುದು. ಇಲ್ಲವೆ ಪೊರೆಯನ್ನು ಪಕ್ಕದಿಂದ ತೆಗೆದು, ಕಿಂಡಿಯನ್ನಷ್ಟೇ ಮೇಲೆ ಮಾಡುವುದು. ಮೊದಲನೆಯದು ಬೇಗ ಮುಗಿಯುತ್ತದೆ. ಎರಡನೆಯದರಲ್ಲಿ ಕಿಂಡಿಯ ಸುತ್ತ ಘಾಸಿ ಕಡಿಮೆ. ಒತ್ತಡ ಇಳಿಸುವುದರಲ್ಲಿ ಹೆಚ್ಚು ಅಂತರವಿಲ್ಲವಂತೆ. ಈ ಕಿಂಡಿಯೇ 1968ರಲ್ಲಿ ಇಂಗ್ಲೆಂಡಿನ ಕೇರ್ನ್ಸ್ ವಿವರಿಸಿದ ಟ್ರಾಬೆಕ್ಯುಲೆಕ್ಟಮಿ. (ಆ ಹೆಸರು ನಾಲಿಗೆಗೆ ಹೊರಳಲು ನನಗೆ ಮೂರು ದಿನ ಬೇಕಾಯಿತು!)

ಎರಡನೆಯದಕ್ಕೆ ಒಪ್ಪಿದೆ. ನನ್ನನ್ನು ಕಾಡಿದ ಪ್ರಶ್ನೆ ಬೇರೆ: ದೃಷ್ಟಿ ಎಷ್ಟು ಮರಳೀತು? ಪೊರೆ ಮುಸುಕಿದ್ದು ಮರಳುತ್ತದೆ, ನರ ಸತ್ತು ಹೋದದ್ದು ಮರಳುವುದಿಲ್ಲ ಎಂದರು ವೈದ್ಯರು. ಈಗ ಧಾರವಾಡದ ಬಸ್ಸಿನ ಫಲಕ ಓದಬಲ್ಲೆ. ಮಗ್ಗುಲಿನಿಂದ ಬರುವ ಸ್ಕೂಟರು ಮಾತ್ರ ತೀರ ಹತ್ತಿರವಾದ ಮೇಲೆಯೇ ಕಾಣುತ್ತದೆ.