ಕೆರೆ ಎಂಬ ಕಾರ್ಡು

ದೊಡ್ಡಪ್ಪನ ವಿಷಯ ಬಂದಾಗಲೆಲ್ಲ ನೆಂಟರು ಹೇಳುತ್ತಿದ್ದ ಮಾತು ಒಂದೇ: "ಅಷ್ಟು ದೊಡ್ಡ ಮಿಷನ್ ಇಟ್ಕೊಂಡೂ ಲೆಕ್ಕ ಬರಲಿಲ್ಲ."

ಇರಾಕಿನಲ್ಲಿ ರಸ್ತೆ ಕೆಲಸದ ಎಂಜಿನಿಯರಾಗಿದ್ದ ಅವರು ಎಂಬತ್ತರ ದಶಕದ ನಡುವೆ ಊರಿಗೆ ಮರಳಿದರು. ನಗರಗೆರೆಯ ಸುತ್ತಮುತ್ತ ಕೆರೆ ಹೂಳೆತ್ತುವ, ಏರಿ ಭದ್ರ ಮಾಡುವ ಸಣ್ಣಪುಟ್ಟ ಗುತ್ತಿಗೆ ಹಿಡಿದರು. ಆರೇಳು ವರ್ಷದಲ್ಲಿ ಕೈ ಸುಟ್ಟುಕೊಂಡು ಸುಮ್ಮನಾದರು. ಅವರ ಜೇಬಿನಲ್ಲಿ ಸದಾ ಇರುತ್ತಿದ್ದ ಮಿಷನ್ನು ಎಚ್‌ಪಿ-41ಸಿ ಎಂಬ ಕ್ಯಾಲ್ಕುಲೇಟರು. ಅದನ್ನು ಮುಟ್ಟಲು ನಮಗೆ ಅಪ್ಪಣೆ ಇರಲಿಲ್ಲ. ಅವರು ತೀರಿಕೊಂಡ ಮೇಲೂ ದೊಡ್ಡಮ್ಮ ಯಾರಿಗೂ ಮುಟ್ಟಗೊಡಲಿಲ್ಲ. ಹಳೇ ಪಂಚೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟರು. ಹೋದ ವರ್ಷ ಯುಗಾದಿಗೆ ಊರಿಗೆ ಹೋದಾಗ ಅವರೇ ಅದನ್ನು ನನ್ನ ಕೈಗಿಟ್ಟು, "ಏನಿದೆ ನೋಡು ಇದರೊಳಗೆ" ಎಂದರು.

1979ರಲ್ಲಿ ಮಾರುಕಟ್ಟೆಗೆ ಬಂದ ಈ ಯಂತ್ರ ತನ್ನ ಕಾಲಕ್ಕೆ ದೊಡ್ಡ ಅಚ್ಚರಿ. ಪರದೆಯ ಮೇಲೆ ಅಂಕಿಗಳ ಜೊತೆಗೆ ಅಕ್ಷರಗಳೂ ಮೂಡುತ್ತಿದ್ದವು, ಒಂದು ಸಲಕ್ಕೆ ಹನ್ನೆರಡು. ನಮಗೆ ಬೇಕಾದ ಲೆಕ್ಕವನ್ನು ಹಂತಹಂತವಾಗಿ ಬರೆದಿಟ್ಟರೆ ಮುಂದೆ ತಾನೇ ಮಾಡುತ್ತಿತ್ತು. ಅದರಲ್ಲಿ ಸಮ ಚಿಹ್ನೆಯ ಗುಂಡಿಯೇ ಇಲ್ಲ. ಮೊದಲು ಎರಡು ಒತ್ತಬೇಕು, ಆಮೇಲೆ ಮೂರು, ಕೊನೆಗೆ ಕೂಡುವ ಗುಂಡಿ. "ಇದು ನಮ್ಮ ಮಾತಿನ ಥರಾನೇ ಕಣೋ" ಎಂದು ದೊಡ್ಡಪ್ಪ ಒಮ್ಮೆ ಹೇಳಿದ್ದರು. "ಎರಡಕ್ಕೆ ಮೂರನ್ನು ಕೂಡು ಅಂತೀವಲ್ಲ, ಕ್ರಿಯಾಪದ ಕೊನೆಗೆ."

ಕ್ಯಾಲ್ಕುಲೇಟರಿನ ನೆನಪು ಬ್ಯಾಟರಿ ಇರುವ ತನಕ. ಸೆಲ್ಲುಗಳು ಸತ್ತು ಎಷ್ಟೋ ಕಾಲವಾಗಿತ್ತು, ಒಳಗಿನದೆಲ್ಲ ಅಳಿಸಿಹೋಗಿತ್ತು. ಉಳಿದದ್ದು ಟ್ರಂಕಿನಲ್ಲೇ ಸಿಕ್ಕ ಒಂದು ಕಾರ್ಡು. ಬೆರಳಿನಷ್ಟು ಉದ್ದ, ಒಂದು ಮೈಗೆ ಕ್ಯಾಸೆಟ್ಟಿನ ಟೇಪಿನಂಥ ಕಾಂತೀಯ ಲೇಪ, ಇನ್ನೊಂದು ಮೈಮೇಲೆ ದೊಡ್ಡಪ್ಪನ ಉರುಟು ಅಕ್ಷರದಲ್ಲಿ ಶಾಯಿಯಿಂದ ಬರೆದ "ಕೆರೆ". ಅಂಥ ಒಂದು ಕಾರ್ಡಿನಲ್ಲಿ ಎರಡು ಟ್ರ್ಯಾಕು, ಒಂದೊಂದರಲ್ಲಿ 112 ಬೈಟು. ಮೊಬೈಲಿನಲ್ಲಿ ಕಳಿಸುವ ಒಂದು ಕನ್ನಡ ವಾಕ್ಯ ಅದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ.

ಕಾರ್ಡನ್ನು ಓದಲು ಪ್ರತ್ಯೇಕ ರೀಡರು ಬೇಕು. ಕ್ಯಾಲ್ಕುಲೇಟರಿನ ನೆತ್ತಿಗೆ ಕಚ್ಚಿಕೊಳ್ಳುವ ಸಣ್ಣ ಡಬ್ಬಿ ಅದು. ಒಂದು ಬದಿಯಿಂದ ಕಾರ್ಡು ತಳ್ಳಿದರೆ ಒಳಗಿನ ಪುಟ್ಟ ಮೋಟಾರು ರಬ್ಬರಿನ ರೋಲರನ್ನು ತಿರುಗಿಸಿ, ಓದುವ ಹೆಡ್ಡಿಗೆ ಒತ್ತಿಸುತ್ತ ಅದನ್ನು ಇನ್ನೊಂದು ಬದಿಗೆ ದಾಟಿಸುತ್ತದೆ. ಎನ್ ಗಾತ್ರದ ನಾಲ್ಕು ಸೆಲ್ಲನ್ನು ಬೆಂಗಳೂರಿನಿಂದ ತಂದಿದ್ದೆ. ಪರದೆ ಬೆಳಗಿದ್ದೇ ತಡ, ಒಳಗೆ ಹೇಗಿದೆ ಎಂದು ನೋಡುವಷ್ಟೂ ತಾಳ್ಮೆಯಿಲ್ಲದೆ ಆ ಒಂದೇ ಕಾರ್ಡನ್ನು ತೂರಿಸಿಬಿಟ್ಟೆ. ಮೋಟಾರು ಗುರ್ ಎಂದಿತು. ಕಾರ್ಡು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು.

ಎಳೆದು ತೆಗೆದಾಗ ಬರಹದ ಮೇಲೆ ಕಪ್ಪು ಅಂಟು ಮೆತ್ತಿಕೊಂಡಿತ್ತು. ರೋಲರು ಬೇಸಿಗೆಯ ಡಾಂಬರಿನಂತೆ ಕರಗಿಹೋಗಿತ್ತು. ಆ ಕಾಲದ ರೀಡರುಗಳ ರೋಲರಿಗೆ ಎಲ್ಲೆಡೆ ಬಂದಿರುವ ಗತಿಯೇ ಇದು. ಪಾಲಿಯುರೆಥೇನ್ ಜಾತಿಯ ರಬ್ಬರಿನ ಉದ್ದುದ್ದ ಸರಪಳಿಗಳನ್ನು ಗಾಳಿಯ ತೇವ ವರ್ಷಗಟ್ಟಲೆ ಕತ್ತರಿಸುತ್ತ ಹೋಗುತ್ತದೆ. ಪಂಚೆಯಲ್ಲಿ ಸುತ್ತಿಟ್ಟರೂ ಬಿಡುವುದಿಲ್ಲ. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಕಾರ್ಡು ಒರೆಸಿದೆ. ಅಂಟು ಹೋಯಿತು, ಜೊತೆಗೆ "ಕೆರೆ"ಯೂ ಹೋಯಿತು. ದೊಡ್ಡಪ್ಪನ ಕೈಬರಹವನ್ನು ಅಳಿಸಿದವನು ನಾನೇ. ಲೇಪ ಇನ್ನೊಂದು ಮೈಮೇಲಿದ್ದುದರಿಂದ ಅದಕ್ಕೆ ಏನೂ ಆಗಿರಲಾರದು ಎಂಬುದೊಂದೇ ಸಮಾಧಾನ. ದೊಡ್ಡಮ್ಮನಿಗೆ ಆ ದಿನ ಹೇಳಲಿಲ್ಲ.

ಡಬ್ಬಿ ಬಿಚ್ಚಿ, ಹೆಡ್ಡು, ಹಲ್ಲುಚಕ್ರ, ರೋಲರಿನ ಗಾಲಿ ಎಲ್ಲವನ್ನೂ ಒರೆಸಲು ಇಡೀ ಮಧ್ಯಾಹ್ನ ಹಿಡಿಯಿತು. ಆಮೇಲೆ ಬರಿಯ ಗಾಲಿಯನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಸೈಕಲ್ ಶಾಪಿಗೆ ಹೋದೆ. ಅಂಗಡಿಯವನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಯಾವ ಸೈಕಲ್ದು ಸಾರ್ ಇದು, ಇರುವೆದಾ?" ಎಂದ. ಕೆಲಸ ವಿವರಿಸಿದೆ. ವಾಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ, ಉಗುಳು ಸವರಿ, ಗಾಲಿಯ ಮೇಲೆ ಏರಿಸಿದ.

ಮನೆಗೆ ಬಂದು ಈ ಸಲ ಖಾಲಿ ಕಾರ್ಡನ್ನು ತೂರಿಸಿದೆ. ರಬ್ಬರು ತೆಳುವಾಗಿ, ಜಾರಿತು. ಮತ್ತೆ ಹೋಗಿ ಎರಡನೇ ಸುತ್ತು ಏರಿಸಿಕೊಂಡು ಬಂದೆ. ದಪ್ಪವಾಗಿ, ಮೋಟಾರು ನರಳಿ ನಿಂತಿತು. ಮೂರನೇ ಸಲ ಹೋದಾಗ ಅವನು ಪಂಕ್ಚರ್ ಹಾಕುವ ಮೊದಲು ಟ್ಯೂಬು ಉಜ್ಜುವ ಉಪ್ಪು ಕಾಗದ ಕೊಟ್ಟ. "ನೀವೇ ಉಜ್ಜಿ ಸಾರ್. ಸ್ವಲ್ಪ ಉಜ್ಜೋದು, ಹಾಕಿ ನೋಡೋದು. ಎಷ್ಟು ಬೇಕು ಅಂತ ಅದೇ ಹೇಳುತ್ತೆ."

ಅವನ ಮಾತು ನಿಜ. ರೋಲರಿನ ಸುತ್ತಳತೆ ಎಷ್ಟೋ, ಒಂದು ಸುತ್ತಿಗೆ ಕಾರ್ಡು ಸರಿಯುವುದೂ ಅಷ್ಟೇ. ಒಂದೆಡೆ ಹೆಚ್ಚು ಉಜ್ಜಿದರೆ ಕಾರ್ಡು ಕುಂಟುತ್ತದೆ. ನನಗೆ ಬೇಕಾಗಿದ್ದದ್ದು ಹಳೆಯ ರೋಲರಿನಂತೆ ಕಾಣುವ ರೋಲರಲ್ಲ, ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಒಂದು ಹಿಡಿತ. ಗಾಲಿಯನ್ನು ಸೂಜಿಗೆ ಸಿಕ್ಕಿಸಿ ತಿರುಗಿಸುತ್ತ ಎರಡು ದಿನ ಉಜ್ಜಿದೆ. ಖಾಲಿ ಕಾರ್ಡಿನಲ್ಲಿ ಬರೆದು, ಓದಿ, ಹತ್ತು ಸಲವೂ ಸರಿಬಂದ ಮೇಲೆಯೇ ಹೆಸರಳಿಸಿಕೊಂಡ ಆ ಕಾರ್ಡನ್ನು ಕೈಗೆತ್ತಿಕೊಂಡೆ.

ಮೊದಲ ಟ್ರ್ಯಾಕು ಸರಾಗವಾಗಿ ದಾಟಿತು. ಎರಡನೆಯದನ್ನು ಕೊಡು ಎಂದು ಪರದೆ ಕೇಳಿತು. ಕಾರ್ಡು ತಿರುಗಿಸಿ ಕೊಟ್ಟೆ. ಪ್ರೋಗ್ರಾಮು ಓಡಿಸಿದಾಗ, ಇಂಗ್ಲಿಷ್ ಅಕ್ಷರಗಳಲ್ಲಿ, ಕನ್ನಡದಲ್ಲಿ, ಯಂತ್ರ ಕೇಳಿತು: ಉದ್ದ?

ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರ ಕೈ ನಿಂತಿತು.

ಹತ್ತು ಒತ್ತಿದೆ. ಅಗಲ? ಆರು. ಆಮೇಲೆ ಆಳವನ್ನು ಮೂರು ಸಲ ಕೇಳಿತು. ಮಣ್ಣು ಅಗೆಯುವಾಗ ಮೂಲ ನೆಲದ ಗುರುತಿಗೆಂದು ಅಲ್ಲಲ್ಲಿ ಒಂದೊಂದು ಗುಡ್ಡೆಯನ್ನು ಅಗೆಯದೆ ಬಿಡುತ್ತಾರೆ. ಗುಡ್ಡೆಯ ಎತ್ತರವೇ ಅಗೆದ ಆಳ. ದೊಡ್ಡಪ್ಪ ಮೂರು ಗುಡ್ಡೆ ಅಳೆದು ಸರಾಸರಿ ತೆಗೆಯುತ್ತಿದ್ದರು. ಬಾಯಿಗೆ ಬಂದಂತೆ 0.4, 0.5, 0.6 ಕೊಟ್ಟೆ. ಮೂವತ್ತು ಘನಮೀಟರು ಎಂದಿತು. ದರ? ಏಳು ರೂಪಾಯಿ ಎಂದೆ. ಒಟ್ಟು 210 ತೋರಿಸಿತು. ಅಲ್ಲಿಗೆ ಲೆಕ್ಕ ಮುಗಿಯಿತು ಎಂದುಕೊಂಡೆ. ಯಂತ್ರ ಇನ್ನೊಂದು ಪ್ರಶ್ನೆ ಕೇಳಿತು: ಜನ?

"ಎಷ್ಟು ಜನ ಅಂತ ಕೇಳ್ತಿದೆ ದೊಡ್ಡಮ್ಮ."

"ಹದಿನಾಲ್ಕು ಹಾಕು. ಅಷ್ಟು ಜನಕ್ಕೆ ನಾನೇ ಮುದ್ದೆ ಕಟ್ತಿದ್ದೆ."

ಹದಿನಾಲ್ಕು ಒತ್ತಿದೆ. 15 ಎಂದು ಬಂತು. ತಲೆಗೆ ಹದಿನೈದು ರೂಪಾಯಿ. ಅಷ್ಟೇ.

ನಾನು ಮತ್ತೊಂದು ಸಲ ಮೊದಲಿನಿಂದ ಓಡಿಸಿದೆ. ಗಂಡಾಳು ಎಷ್ಟು, ಹೆಣ್ಣಾಳು ಎಷ್ಟು ಎಂದು ಎಲ್ಲೂ ಕೇಳಲಿಲ್ಲ. ಸಮಾನ ವೇತನದ ಕಾಯಿದೆ 1976ರಲ್ಲೇ ಬಂದಿತ್ತು. ಆದರೆ ನಮ್ಮ ಕಡೆ ಹೆಣ್ಣಾಳಿನ ಕೂಲಿ ಕಡಿಮೆ ಎಂಬುದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಅಗೆಯುವವರು ಗಂಡಸರು, ಬಾಂಡ್ಲಿ ಹೊರುವವರು ಹೆಂಗಸರು. ಹೊರುವುದಕ್ಕೆ ಬೆಲೆ ಕಡಿಮೆ.

"ಮೇಸ್ತ್ರಿ ದಿನಾ ಜಗಳ ಆಡೋನು" ಎಂದರು ದೊಡ್ಡಮ್ಮ. "ಹೆಂಗಸ್ರಿಗೂ ಅಷ್ಟೇ ಕೊಟ್ರೆ ಊರಲ್ಲಿ ಬೇರೆಯವರು ಆಳು ಕರೆಯೋದು ಹೆಂಗೆ ಅಂತ. ಇವರು ಮಿಷನ್ನು ತೋರಿಸೋರು. ನಂದೇನಿಲ್ಲಪ್ಪ, ಮಿಷನ್ಗೆ ಗಂಡು ಹೆಣ್ಣು ಗೊತ್ತಾಗಲ್ಲ, ಅದು ಹೇಳಿದಷ್ಟು ಕೊಡ್ತೀನಿ ಅನ್ನೋರು."

"ನಿಮಗೆ ಗೊತ್ತಿತ್ತಾ, ಅದನ್ನ ಬರೆದವರು ಅವರೇ ಅಂತ?"

"ಗೊತ್ತಿಲ್ದೆ ಏನು? ಕೈಬಳೆ ಅಡ ಇಟ್ಟೋಳು ನಾನು." ಮತ್ತೆ ಅವರೆಕಾಯಿ ಕೈಗೆತ್ತಿಕೊಂಡರು.

ಕೈಬರಹ ಅಳಿಸಿದ್ದನ್ನು ಆಗ ಹೇಳಿದೆ. ಅವರು ಕಾರ್ಡು ಇಸಕೊಂಡು ಎರಡೂ ಮೈ ನೋಡಿ, "ಹೋಗ್ಲಿ ಬಿಡು, ಒಳಗಿಂದು ಉಳೀತಲ್ಲ" ಎಂದು ವಾಪಸು ಕೊಟ್ಟರು.

ಒಳಗಿನದೂ ಕಾಯಂ ಅಲ್ಲ. ವಾಲ್ ಟ್ಯೂಬು ಇನ್ನು ಕೆಲವೇ ವರ್ಷಗಳಲ್ಲಿ ಒಣಗಿ ಸೀಳುತ್ತದೆ. ಹಾಗಾಗಿ ಆ ರಾತ್ರಿ ಪ್ರೋಗ್ರಾಮಿನ ಒಂದೊಂದು ಹಂತವನ್ನೂ ಪರದೆಯ ಮೇಲೆ ತಂದು ನೋಟುಪುಸ್ತಕಕ್ಕೆ ಇಳಿಸಿಕೊಂಡೆ. "ಜನ?" ಎಂಬ ಪ್ರಶ್ನೆಯ ಮುಂದಿನ ಹಂತ ಒಂದೇ ಒಂದು: ಭಾಗಿಸು.