ಬೇಲಿಯಿಲ್ಲದ ಬಾನು

ಆಕಾಶಕ್ಕೆ ಬೇಲಿಯಿಲ್ಲವೆಂದೇ ನಾವು ತಿಳಿದಿದ್ದೆವು. 1984ರ ಒಂದು ಬೆಳಿಗ್ಗೆ, ಹೊಸದಾಗಿ ಪೈಲಟ್ ಲೈಸೆನ್ಸು ಪಡೆದಿದ್ದ ನಮ್ಮ ಸೋದರಳಿಯ ಬೇಗಂಪೇಟೆಯಿಂದ ಪುಟ್ಟ ವಿಮಾನದಲ್ಲಿ ಒಬ್ಬನೇ ಹಾರಿದ. ಮಂಜು ಕವಿದು ಹುಸೇನ್ ಸಾಗರ ಮರೆಯಾಯಿತು. ಉತ್ತರಕ್ಕೆ ಸರಿದವನು ವಾಯುಪಡೆಯ ಹಕೀಂಪೇಟೆ ರನ್‌ವೇಯನ್ನೇ ಬೇಗಂಪೇಟೆಯದೆಂದು ಭ್ರಮಿಸಿದ. ಸಂಶಯ ಬಂದೊಡನೆ ರೇಡಿಯೋದಲ್ಲಿ "ದಾರಿ ತಪ್ಪಿದ್ದೇನೆ" ಎಂದುಬಿಟ್ಟ. ಕೆಳಗಿದ್ದವರು ದಿಕ್ಕು ಹೇಳಿ ಕರೆತಂದರು. ಆಮೇಲೆ ವಿಚಾರಣೆಯೂ ಆಯಿತೆನ್ನಿ.

ಹಿಂದಿನ ವರ್ಷವಷ್ಟೇ, 1983ರ ಸೆಪ್ಟೆಂಬರ್ 1ರಂದು, ದಾರಿ ತಪ್ಪಿ ಸೋವಿಯತ್ ಗಡಿ ಹೊಕ್ಕ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿದಾಗ 269 ಮಂದಿ ಸತ್ತಿದ್ದರು. ತಪ್ಪಿದ್ದು ಅದರ ಚಾಲಕರಿಗೇ ತಿಳಿದಿರಲಿಲ್ಲ. ಅದನ್ನು ನೆನೆದ ಅಕ್ಕ ಮಗನನ್ನು ಬೈಯಲಿಲ್ಲ. ಮೊಸರನ್ನ ಕಲಸಿ ಕೊಟ್ಟಳು.

"ಹಾಗೆ ಹೇಳಿಕೊಳ್ಳಲು ನಾಚಿಕೆಯಾಗಲಿಲ್ಲವೇನೋ?" ಎಂದೆವು.

"ಆಯಿತು ಮಾವ. ಆದರೆ ನಾಚಿಕೊಂಡು ಕೂತರೆ ಪೆಟ್ರೋಲು ಕಾಯಬೇಕಲ್ಲ!"

ಅಂದಿನಿಂದ ದಾರಿ ಕೇಳಲು ನಮಗೂ ಸಂಕೋಚವಿಲ್ಲ.