ಗುಂಟನೂರಿನಿಂದ ದುರ್ಗಕ್ಕೆ: ಗಾಲಿಕುರ್ಚಿಯೊಡನೆ ಒಂದು ದಿನ

ನಮ್ಮ ಹಿರೇಗುಂಟನೂರು ಸೀಮೆಯ ಮಕ್ಕಳಿಗೆ ವಿಹಾರವೆಂದರೆ ಭೀಮಸಮುದ್ರದ ಕೆರೆ ಏರಿ, ಊರ ಜಾತ್ರೆ, ವರ್ಷಕ್ಕೊಮ್ಮೆ ಶಾಲೆಯವರು ಕರೆದೊಯ್ಯುವ ಪ್ರವಾಸ. ಆದರೆ ಆ ಪ್ರವಾಸದ ಬಸ್ಸು ಹೊರಡುವ ದಿನ ಕೆಲವು ಮಕ್ಕಳು ಮನೆಯ ಪಡಸಾಲೆಯಲ್ಲಿಯೇ ಉಳಿಯುತ್ತಾರೆ. ನಡೆಯಲಾಗದವರು, ಕಾಣದವರು, ಗದ್ದಲಕ್ಕೆ ಬೆದರುವವರು. ಅವರನ್ನು ಬೇಡವೆಂದವರು ಯಾರೂ ಇಲ್ಲ, ಕರೆದವರೂ ಇಲ್ಲ. ಕಳೆದ ಮಾಘಮಾಸದಲ್ಲಿ ಅಂತಹ ಐದು ಮಕ್ಕಳನ್ನು ಅವರ ತಾಯ್ತಂದೆಯರೊಡನೆ ಚಿತ್ರದುರ್ಗಕ್ಕೆ ಕರೆದೊಯ್ಯುವ ಯೋಗ ನಮಗೊದಗಿತು.

ಸೋಮವಾರ ಬೆಳಿಗ್ಗೆ ಹೊರಟೆವು. ಭಾನುವಾರದ ಜನಜಂಗುಳಿ ಬೇಡವೆಂಬುದು ಆಟಿಸಂ ಇರುವ ಬಾಲಕನ ತಂದೆಯ ಸಲಹೆ. ಅದಿರಿನ ಲಾರಿಗಳ ಧೂಳನ್ನು ದಾಟಿ, ಅಡಕೆ ತೋಟಗಳ ತಂಪಿನಲ್ಲಿ ಸಾಗಿದ ಬಾಡಿಗೆ ವಾಹನದಲ್ಲಿ ಬುತ್ತಿಯ ಗಂಟು, ಒಂದು ಚಾಪೆ, ಎರಡು ಕೊಡ ನೀರು, ಮೂರ್ಛೆರೋಗದ ಮಾತ್ರೆ, ಮಡಿಸಿದ ಗಾಲಿಕುರ್ಚಿ. ಚಾಪೆ ಏಕೆಂದು ನಾವು ಕೇಳಿದೆವು. ದೊಡ್ಡ ಮಗುವಿನ ಬಟ್ಟೆ ಬದಲಿಸಲು ಯಾವ ಶೌಚಾಲಯದಲ್ಲಿಯೂ ಸ್ಥಳವಿರುವುದಿಲ್ಲವೆಂದು ಒಬ್ಬ ತಾಯಿ ತಿಳಿಸಿದರು. ಪ್ರವಾಸದ ಗ್ರಂಥಗಳಲ್ಲಿ ನಾವು ಓದದ ವಿಷಯವಿದು.

ಮೊದಲು ಮುರುಘಾಮಠದ ಮುರುಘಾವನ. ಹಳ್ಳಿಯ ಬದುಕನ್ನೂ ಪ್ರಾಣಿಗಳನ್ನೂ ಶರಣರನ್ನೂ ಆಳೆತ್ತರದ ಪ್ರತಿಮೆಗಳಲ್ಲಿ ತೋರಿಸುವ ಈ ಉದ್ಯಾನವೇ ನಮ್ಮ ಜಿಲ್ಲೆಯ ಥೀಮ್ ಪಾರ್ಕು. ಕಣ್ಣಿಲ್ಲದ ಬಾಲೆಯೊಬ್ಬಳು ನಮ್ಮೊಡನಿದ್ದಳು. ಕಾವಲಿನವರ ಅನುಮತಿ ಪಡೆದು ಎತ್ತಿನ ಪ್ರತಿಮೆಯೊಂದನ್ನು ಮುಟ್ಟಿಸಿದೆವು. ಕೊಂಬಿನ ತುದಿಯಿಂದ ಬಾಲದವರೆಗೆ ಕೈಯಾಡಿಸಿ, "ನಮ್ಮನೆ ಎತ್ತಿಗೆ ಇಷ್ಟು ಭುಜ ಇಲ್ಲ" ಎಂದು ತೀರ್ಪಿತ್ತಳು. ಕಣ್ಣುಳ್ಳ ನಾವು ಆ ಭುಜವನ್ನು ಗಮನಿಸಿಯೇ ಇರಲಿಲ್ಲ.

ಕೋಟೆಯ ಮಾತು ಬೇರೆ. ಹನ್ನೊಂದು ವರ್ಷದ ಹುಡುಗನೊಬ್ಬನಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಬುದ್ಧಿ ಚುರುಕು, ಕೈಕಾಲು ಸ್ವಾಧೀನವಿಲ್ಲ. ಓಬವ್ವನ ಕಿಂಡಿಯನ್ನು ನೋಡಬೇಕೆಂಬುದು ಅವನ ಬಹುದಿನದ ಹಂಬಲ. ಮೊದಲ ಬಾಗಿಲುಗಳ ಹಾಸುಗಲ್ಲಿನ ಏರುದಾರಿಯಲ್ಲಿ ಕುರ್ಚಿಯನ್ನು ಮೂವರು ಸೇರಿ ತಳ್ಳಿದೆವು. ಕಲ್ಲುಗಳ ಸಂದಿನಲ್ಲಿ ಚಕ್ರ ಸಿಲುಕಿದಾಗಲೆಲ್ಲ ಹುಡುಗ ನಗುತ್ತಿದ್ದನು. ವೈರಿಯ ಆನೆ ಓಡಿಬಂದು ಬಾಗಿಲಿಗೆ ಹಾಯದಂತೆ ತಿರುವುಮುರುವಾಗಿ ಕಟ್ಟಿದ ದಾರಿಯದು. 1779ರಲ್ಲಿ ಹೈದರಾಲಿಯ ವಶವಾದ ಕೋಟೆ, ಇಂದಿಗೂ ಈ ಬಾಲಕನನ್ನು ತಡೆಯುವುದರಲ್ಲಿ ಮಾತ್ರ ಹಿಂದೆಬಿದ್ದಿಲ್ಲ! ಮೆಟ್ಟಿಲುಗಳು ಆರಂಭವಾದಲ್ಲಿ ಕುರ್ಚಿ ನಿಂತಿತು. ಸೋದರಮಾವ ಅವನನ್ನು ಬೆನ್ನಿಗೇರಿಸಿಕೊಂಡರು. ಇಳಿಜಾರಿನಲ್ಲಿ ತಾಯಿ ಹಿಂದಿನಿಂದ ಆನಿಸಿ ಹಿಡಿದರು. ಕಿಂಡಿಯ ಮುಂದೆ ಹುಡುಗ ಬಹಳ ಹೊತ್ತು ಮೌನವಾಗಿದ್ದನು. "ಇದ್ರಾಗೆ ಒಬ್ಬೊಬ್ರೇ ತೂರಬೇಕಿತ್ತು, ಅಲ್ವಾ?" ಎಂದು ಕೇಳಿದನು. ಆಮೇಲೆ ತಾಯಿ ನಮ್ಮೊಡನೆ ಮೆಲ್ಲನೆ ಹೇಳಿದರು: "ಮುಂದಿನ ವರ್ಷ ಇವನ್ನ ಎತ್ತೋಕೆ ಆಗ್ತದೋ ಇಲ್ಲೋ ಅಯ್ಯನೋರೆ. ಅದಕ್ಕೇ ಈ ಸಲ ಬಿಡಲಿಲ್ಲ."

ಪುರಾತನ ಸ್ಮಾರಕವನ್ನು ಒಡೆದು ದಾರಿ ಮಾಡಿರೆಂದು ನಾವು ಹೇಳೆವು. ಆದರೆ ಮೆಟ್ಟಿಲಿಲ್ಲದ ಭಾಗದಲ್ಲಿ ಹಾಸುಗಲ್ಲಿನ ಸಂದು ತುಂಬಿಸುವುದು, ಕೈಹಿಡಿ ಸರಳು ಹಾಕುವುದು ಅಸಾಧ್ಯವೇನಲ್ಲ. ವಿಕಲಚೇತನರ ಹಕ್ಕುಗಳ 2016ರ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸಾರ್ವಜನಿಕ ಸ್ಥಳಗಳು ಇಂಥವರಿಗೂ ಸುಗಮವಾಗಿರಬೇಕೆಂದು ವಿಧಿಸಿದೆ.

ದೊಡ್ಡ ಮನರಂಜನಾ ಉದ್ಯಾನಗಳ ಸಂಗತಿಯನ್ನೂ ಹೇಳಬೇಕು. ನಮ್ಮೊಡನೆ ಬಂದ ಒಂದು ಕುಟುಂಬ ಹಿಂದೊಮ್ಮೆ ದೂರದ ಊರಿನ ಅಂತಹ ಒಂದು ಉದ್ಯಾನಕ್ಕೆ ಹೋಗಿತ್ತು. ಒಂದು ತಾಸು ಸಾಲಿನಲ್ಲಿ ನಿಂತ ಮೇಲೆ ತಿರುಗುಯಂತ್ರದ ಬಳಿ, ಈ ಮಗು ಹತ್ತಲಾಗದೆಂದು ತಡೆದರಂತೆ. ನೆಟ್ಟಗೆ ಕುಳಿತು ಸರಳನ್ನು ಹಿಡಿಯಲಾರದ ಮಗುವಿಗೆ, ಮೂರ್ಛೆ ಬರುವ ಮಗುವಿಗೆ ವೇಗದ ಆಟ ಅಪಾಯವೇ ಸರಿ. ಆ ಮಾತನ್ನು ಟಿಕೇಟಿನ ಕಿಟಕಿಯಲ್ಲಿಯೇ ಹೇಳಬಹುದಿತ್ತು. ಹೋಗುವವರು ಮುಂಚೆಯೇ ದೂರವಾಣಿಯಲ್ಲಿ ವಿಚಾರಿಸುವುದು ಲೇಸು.

ಅಮೆರಿಕದ ಟೆಕ್ಸಾಸ್ ಪ್ರಾಂತದ ಸ್ಯಾನ್ ಆಂಟೋನಿಯೋ ನಗರದಲ್ಲಿ ಗಾರ್ಡನ್ ಹಾರ್ಟ್‌ಮನ್ ಎಂಬ ಗೃಹಸ್ಥರು, ವಿಶೇಷ ಅಗತ್ಯಗಳುಳ್ಳ ತಮ್ಮ ಮಗಳು ಮಾರ್ಗನ್‌ಳ ಹೆಸರಿನಲ್ಲಿ 2010ರಲ್ಲಿ ಒಂದು ಉದ್ಯಾನವನ್ನೇ ತೆರೆದರು. ಅಲ್ಲಿ ಗಾಲಿಕುರ್ಚಿಯೊಡನೆಯೇ ಏರುವ ಆಟಗಳಿವೆ. ವಿಕಲಚೇತನರಿಗೆ ಪ್ರವೇಶ ಉಚಿತ. 2017ರಲ್ಲಿ ಸೇರಿಸಿದ ನೀರಾಟದ ಭಾಗದಲ್ಲಿ, ವಿದ್ಯುತ್ತಿನ ಬದಲು ಒತ್ತಿದ ಗಾಳಿಯಿಂದ ಚಲಿಸುವ ಕುರ್ಚಿಗಳಿವೆ. ಅಷ್ಟು ದೂರವೇಕೆ? ಬೆಂಗಳೂರಿನಲ್ಲಿ ಕಿಲಿಕಿಲಿ ಎಂಬ ಸಂಸ್ಥೆ ಕೋಲ್ಸ್ ಪಾರ್ಕ್ ಮೊದಲಾದೆಡೆ ಎಲ್ಲ ಮಕ್ಕಳೂ ಕೂಡಿ ಆಡುವ ತಾಣಗಳನ್ನು ರೂಪಿಸಲು ದುಡಿದಿದೆ.

ಮಧ್ಯಾಹ್ನ ಆಡುಮಲ್ಲೇಶ್ವರದ ಕಿರು ಮೃಗಾಲಯದಲ್ಲಿ ಕರಡಿಯನ್ನೂ ಚಿರತೆಯನ್ನೂ ನೋಡಿ, ಸಂಜೆ ಚಂದ್ರವಳ್ಳಿಗೆ ಬಂದೆವು. ಅಂಕಲಿಮಠದ ಕತ್ತಲೆಯ ಗುಹೆಗಳಿಗೆ ಇಳಿಯಲಿಲ್ಲ. ಕೆರೆಯ ದಡವೇ ಸಾಕಾಯಿತು. ದಿನವಿಡೀ ಕಿವಿ ಮುಚ್ಚಿಕೊಂಡಿದ್ದ ಬಾಲಕ ಅಲ್ಲಿ ಕೈ ತೆಗೆದನು. ಒಂದೊಂದೇ ಕಲ್ಲನ್ನು ನೀರಿಗೆಸೆದು, ಅಲೆ ಅಡಗುವವರೆಗೆ ಕಾದು, ಮತ್ತೊಂದನ್ನು ಎತ್ತಿಕೊಳ್ಳುತ್ತಿದ್ದನು. ಕತ್ತಲಾಗುವ ತನಕ ಯಾರೂ ಅವನನ್ನು ಅವಸರಿಸಲಿಲ್ಲ.

ಮುಂದಿನ ಪಯಣ ಹಿರಿಯೂರಿನ ವಾಣಿವಿಲಾಸಸಾಗರಕ್ಕೆಂದು ನಿಶ್ಚಯವಾಗಿದೆ. ಬಾಡಿಗೆ ಹಂಚಿಕೊಳ್ಳಲು ಇನ್ನೂ ಎರಡು ಮನೆಯವರು ಹೆಸರು ಕೊಟ್ಟಿದ್ದಾರೆ. ಸೋದರಮಾವನವರು ಈ ಸಲವೂ ಬರುತ್ತಾರಂತೆ.